ಚಪ್ಪರದಲ್ಲಿ ಎದುರುತ್ತರ ಕೊಡಬಹುದಿತ್ತು

ಚೆನ್ನೈನಲ್ಲಿ ಸಂಗೀತದ ಹುಚ್ಚಿರುವ ಯಾರನ್ನಾದರೂ ನೀವು ಮೊದಲು ಕೇಳಿದ ಕಚೇರಿ ಯಾವುದು ಅಂತ ಕೇಳಿ ನೋಡಿ. ಹಾಡಿದವರ ಹೆಸರು, ಕಚೇರಿ ನಡೆಸಿದ ಸಭೆಯ ಹೆಸರು, ಇಸವಿ, ಪಿಟೀಲು ಯಾರದು, ಮೃದಂಗ ಯಾರದು, ಅವತ್ತಿನ ಮುಖ್ಯ ರಾಗ ತೋಡಿಯೋ ಕಾಂಬೋಜಿಯೋ, ಎಲ್ಲ ಪಟಪಟನೆ ಉದುರುತ್ತದೆ. ಅವತ್ತು ಕ್ಯಾಂಟೀನಿನಲ್ಲಿ ಏನು ತಿಂದರು ಅನ್ನುವುದನ್ನೂ ಕೆಲವರು ಸೇರಿಸುತ್ತಾರೆ. ನನ್ನನ್ನು ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೆ: ಚಿಂತಾಮಣಿ, ರಾಮನವಮಿ ಚಪ್ಪರ, ಪ್ರೈಮರಿ ಶಾಲೆಯ ದಿನಗಳು. ಹಾಡಿದವರು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಯಾರೋ ವಿದ್ವಾಂಸರು. ಅವರ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಅವರ ಹಾಡಿಗೆ ಎದುರುತ್ತರ ಕೊಟ್ಟ ಹೂವಿನ ಅಜ್ಜಿಯ ದನಿ ಈಗ ಕೇಳಿದರೂ ಗುರುತು ಹಿಡಿಯಬಲ್ಲೆ.

ಚೆನ್ನೈಗೆ ಬಂದು ನೆಲೆಸಿದ ಮೇಲೆ ಆ ಕಡೆಯ ರೀತಿಯನ್ನೂ ಈ ಕಡೆಯ ರೀತಿಯನ್ನೂ ತೂಗಿ ನೋಡುವುದು ನನಗೊಂದು ಚಟವೇ ಆಗಿದೆ. ಮಾರ್ಗಳಿ ತಿಂಗಳು ಬಂತೆಂದರೆ ಇಲ್ಲಿ ಮೈಲಾಪುರದ ಕಡೆ ಮನೆಗೊಬ್ಬರಂತೆ ಕಚೇರಿಗೆ ಹೊರಡುತ್ತಾರೆ. ನಾನೂ ಹೋಗುತ್ತೇನೆ. ಮಧ್ಯಾಹ್ನ ಹೊಸಬರ ಕಚೇರಿಗಳಿಗೆ ಬಹಳ ಕಡೆ ಟಿಕೆಟ್ಟಿಲ್ಲ. ಸಂಜೆ ದೊಡ್ಡವರದಕ್ಕೆ ದುಡ್ಡು ಕೊಟ್ಟು ಕೂರಬೇಕು. ಇಲ್ಲಿ ಕೂತು ನಾನು ಕಲಿತದ್ದು ಬಹಳ ಇದೆ. ಆದರೂ ಕೇಳುವವನಿಗೆ ಹಾಡಿನ ಜೊತೆ ಒಂದು ಸಲುಗೆ ಇರಬೇಕು, ಆ ಸಲುಗೆ ನಮ್ಮ ಚಪ್ಪರದಲ್ಲಿತ್ತು, ಈ ಎಸಿ ಹಾಲುಗಳಲ್ಲಿ ಇಲ್ಲ ಅನ್ನುವುದು ನನ್ನ ಖಚಿತವಾದ ಅಭಿಪ್ರಾಯ. ಹುಟ್ಟಿದೂರಿನ ಮೋಹಕ್ಕೆ ಹೀಗೆ ಹೇಳುತ್ತಾನೆ ಅಂದುಕೊಳ್ಳಬೇಡಿ. ನಮ್ಮ ಚಪ್ಪರಗಳ ಮೇಲೆ ನನಗಿರುವ ಸಿಟ್ಟೂ ಸಣ್ಣದಲ್ಲ, ಅದನ್ನೂ ಹೇಳಿಯೇ ಮುಗಿಸುತ್ತೇನೆ.

ನಾನು ಹುಟ್ಟಿದಾಗ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಆ ಕಡೆ ಸೇರಿತು. ಜಿಲ್ಲೆ ಯಾವುದಾದರೇನು, ಆ ಸೀಮೆಯ ನಾಲಿಗೆ ಮಾತ್ರ ಒಂದೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಂಡಿಯಲ್ಲಿ ಎರಡರ ಜೊತೆಗೆ ಒಂದಿಷ್ಟು ಉರ್ದು. ಚೆನ್ನೈನಲ್ಲಿ ಇದನ್ನು ವಿವರಿಸುವುದೇ ಒಂದು ಪಾಡು. "ಮನೆಯಲ್ಲಿ ತೆಲುಗು ಅಂತೀರಿ, ಮತ್ತೆ ಕನ್ನಡಿಗ ಅಂತೀರಿ, ಅದು ಹೇಗೆ ಸಾರ್?" ಅನ್ನುತ್ತಾರೆ. ನಮ್ಮ ಕಡೆ ಹಾಗೇ ಸಾರ್, ಅಂದುಬಿಡುತ್ತೇನೆ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆಯವರನ್ನು ಕೇಳಿದರೂ ಇದೇ ಉತ್ತರ. ಕನ್ನಡದಲ್ಲಿ ಓದುತ್ತೇವೆ, ಕನ್ನಡದಲ್ಲಿ ಜಗಳದ ಅರ್ಜಿ ಬರೆಯುತ್ತೇವೆ, ಜಗಳ ಮಾತ್ರ ತೆಲುಗಿನಲ್ಲಿ ಆಡುತ್ತೇವೆ.

ಆ ಚಪ್ಪರದ ವಿಷಯಕ್ಕೆ ಬರೋಣ. ನಮ್ಮ ಬೀದಿಯ ತುದಿಯಲ್ಲಿ ಒಂದು ಭಜನೆ ಮಂದಿರವಿತ್ತು. ಯುಗಾದಿ ಮುಗಿಯುತ್ತಿದ್ದಂತೆ ಅದರ ಮುಂದೆ ರಸ್ತೆಗೆ ಅಡ್ಡಲಾಗಿ ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು. ಬಿಸಿಲಿಗೆ ಗರಿ ಒಣಗಿ, ರಾಮನವಮಿಯ ಹೊತ್ತಿಗೆ ಗಾಳಿ ಬೀಸಿದರೆ ಚರಚರ ಸದ್ದು. ಹಿತ್ತಾಳೆ ಕೊಳಗದಲ್ಲಿ ಬೆಲ್ಲದ ಪಾನಕ; ಏಲಕ್ಕಿಗಿಂತ ಮೆಣಸು, ಶುಂಠಿಯೇ ಮುಂದು. ಮುತ್ತುಗದ ಎಲೆಯಲ್ಲಿ ಹೆಸರುಬೇಳೆ ಕೋಸಂಬರಿ. ಪಾನಕ ಕುಡಿಯುವುದಕ್ಕೆ ಬಂದ ಹುಡುಗರನ್ನೆಲ್ಲ ಹಾಗೇ ವೇದಿಕೆಯ ಮುಂದೆ ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದರು. ನಾನು ಕಚೇರಿ ಕೇಳಲು ಹೋದವನಲ್ಲ. ಎರಡನೇ ಲೋಟ ಪಾನಕಕ್ಕೆ ಕಾಯುತ್ತಾ ಕಚೇರಿಗೆ ಸಿಕ್ಕಿಬಿದ್ದವನು.

ಮೊದಲು ನನ್ನ ಕಣ್ಣು ಹೋದದ್ದು ಮೃದಂಗದ ಕಡೆಗೆ. ಮೃದಂಗದವರು ಗವಸು ಬಿಚ್ಚಿ, "ಸ್ವಲ್ಪ ರವೆ ಸಿಗುತ್ತಾ?" ಅಂದರು. ಪಕ್ಕದಲ್ಲೇ ನಮ್ಮ ಮನೆ. ನಾನು ಓಡಿದೆ. ಅಜ್ಜಿ ಉಪ್ಪಿಟ್ಟಿನ ದಪ್ಪ ರವೆಯನ್ನು ಒಂದು ಬಟ್ಟಲಿಗೆ ಸುರಿದು, "ಪಾಪ, ಬಸ್ಸಲ್ಲಿ ಬಂದೋರು, ಹಸಿದಿರ್ತಾರೆ. ಉಪ್ಪಿಟ್ಟು ನಾವೇ ಮಾಡಿ ಕೊಡ್ತೀವಿ ಅನ್ನು" ಅಂದರು. ಬಟ್ಟಲು ನೋಡಿ ಆತ ನಕ್ಕರು. "ಇದಾಗಲ್ಲ ಮರಿ, ಚಿರೋಟಿ ರವೆ ತಗೊಂಡು ಬಾ." ಮತ್ತೆ ಓಡಿದೆ. ಆ ಸಣ್ಣ ರವೆಗೆ ಅಂಗೈಯಲ್ಲೇ ನಾಲ್ಕು ಹನಿ ನೀರು ಹಾಕಿ, ಕಲಸಿ, ಮೃದಂಗದ ಎಡ ಮುಚ್ಚಳದ ನಡುವೆ ಬಿಲ್ಲೆಯ ಹಾಗೆ ತಟ್ಟಿದರು. ಒಮ್ಮೆ ಹೊಡೆದು ಕಿವಿ ಕೊಟ್ಟರು. ಇನ್ನೊಂದು ಚಿಟಿಕೆ ಹಚ್ಚಿದರು. ಅಷ್ಟರವರೆಗೆ ಟಪ್ ಅನ್ನುತ್ತಿದ್ದ ಎಡಗಡೆ ಈಗ ಗುಂ ಅಂತ ಹೊಟ್ಟೆಯಿಂದ ಬಂದಂತೆ ಮೊಳಗಿತು. ಬಲಗಡೆಗೆ ಒಂದು ಉರುಟು ಕಲ್ಲು, ಒಂದು ಮರದ ತುಂಡು. ಅಂಚನ್ನು ಮೇಲಿಂದೊಮ್ಮೆ ಕೆಳಗಿಂದೊಮ್ಮೆ ಬಡಿದು, ಶ್ರುತಿ ಪೆಟ್ಟಿಗೆಗೆ ಹೊಂದಿಸಿದರು. ನಮ್ಮ ಮನೆಯ ರವೆ ಮೃದಂಗದಲ್ಲಿ ಮಾತಾಡುತ್ತಿದೆ ಅನ್ನುವ ಜಂಬದಲ್ಲಿ ನಾನು ಪಾನಕದ ಲೋಟ ಮರೆತೆ. ಕಚೇರಿ ಮುಗಿದ ಮೇಲೆ ಒಣಗಿದ ಆ ರವೆಯನ್ನು ಆತ ಕೆರೆದು ತೆಗೆದು, ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಾಗ ಹೊಟ್ಟೆ ಚುರ್ರೆಂದದ್ದೂ ನಿಜ.

ಹಾಡು ಶುರುವಾಯಿತು. ಒಂದಾದ ಮೇಲೊಂದು ಬಂದವು, ಹೋದವು. ನಡುವೆ ಕನ್ನಡದ ದೇವರನಾಮ ಬಂದಾಗ ಹೆಂಗಸರ ಕಡೆಯಿಂದ ಸಣ್ಣಗೆ ಸೇರುದನಿ ಎದ್ದಿತು. ಆಮೇಲೆ ತ್ಯಾಗರಾಜರ ಒಂದು ದೊಡ್ಡ ಕೃತಿ ಎತ್ತಿಕೊಂಡರು. ರಾಗ ಯಾವುದೋ ನನಗೆ ಗೊತ್ತಾಗುವ ವಯಸ್ಸಲ್ಲ. ಮಾತು ಮಾತ್ರ ಪೂರ್ತಿ ಗೊತ್ತಾಯಿತು, ಯಾಕಂದರೆ ಅದು ನಮ್ಮ ಮನೆಯ ಮಾತು. ಇಷ್ಟು ಕರೆದರೂ ಯಾಕಪ್ಪಾ ಬರಲೊಲ್ಲೆ ಅಂತ ರಾಮನನ್ನು ಕೇಳುವ ಸಾಲು. ವಿದ್ವಾಂಸರು ಅದೇ ಸಾಲನ್ನು ಹಿಡಿದು ನೆರವಲ್ ಮಾಡತೊಡಗಿದರು. ಒಂದು ಸಲ ಬೇಡುವ ಹಾಗೆ, ಒಂದು ಸಲ ಗದರುವ ಹಾಗೆ, ಒಂದು ಸಲ ಅಳುವ ಹಾಗೆ. ಸಾಲು ಒಂದೇ, ಕೇಳುವ ಬಗೆ ಬೇರೆ ಬೇರೆ. ಎಷ್ಟು ಹೊತ್ತಾದರೂ ಬಿಡಲಿಲ್ಲ. ಚಪ್ಪರದ ಕಂಬಕ್ಕೆ ಒರಗಿ, ಮಾರಿ ಉಳಿದ ಕನಕಾಂಬರವನ್ನು ಕಟ್ಟುತ್ತಾ ಕೂತಿದ್ದ ಹೂವಿನ ಅಜ್ಜಿ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಅಂದಳು: "ಇಂತಸೇಪು ಪಿಲಿಸ್ತೇ ರಾಕ ಉಂಟಾಡಾ, ವಸ್ತಾಡು, ಪಾಡು ಸಾಮೀ." ಇಷ್ಟು ಹೊತ್ತು ಕರೆದರೆ ಬರದೆ ಇರ್ತಾನಾ, ಬರ್ತಾನೆ, ನೀನು ಹಾಡು ಅಂತ. ಚಪ್ಪರವೆಲ್ಲ ಗೊಳ್ಳೆಂದಿತು. ಪಿಟೀಲಿನವರ ಕಮಾನು ನಿಂತೇ ಹೋಯಿತು. ವಿದ್ವಾಂಸರೂ ನಕ್ಕು, ಅಜ್ಜಿಯ ಕಡೆ ತಿರುಗಿ ಕೈಮುಗಿದು, ಅದೇ ಸಾಲನ್ನು ಇನ್ನೊಂದು ಸಲ, ಈ ಸಲ ಅವಳಿಗೇ ಹೇಳುವ ಹಾಗೆ ಹಾಡಿದರು.

ನನ್ನ ಮಟ್ಟಿಗೆ ಕಚೇರಿ ಅಂದರೆ ಏನು ಅನ್ನುವುದು ಆ ಗಳಿಗೆಯಲ್ಲೇ ತೀರ್ಮಾನವಾಗಿಹೋಯಿತು. ಹಾಡುವವನು ಕೇಳುತ್ತಾನೆ, ಕೂತವರು ಉತ್ತರ ಕೊಡುತ್ತಾರೆ. ಹಾಗಲ್ಲದ ಕಚೇರಿಯೂ ಇರುತ್ತದೆ ಅಂತ ಗೊತ್ತಾದದ್ದು ಚೆನ್ನೈಗೆ ಬಂದ ಮೇಲೆ.

ಇಲ್ಲಿ ನನ್ನ ಪಕ್ಕದ ಫ್ಲ್ಯಾಟಿನಲ್ಲಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ನಾವು ಮಾಮಾ ಅನ್ನುತ್ತೇವೆ. ಅವರ ಜೊತೆಯಲ್ಲೇ ನಾನು ಸಭೆಗಳಿಗೆ ಹೋಗಲು ಕಲಿತದ್ದು. ಹಾಡುವವರು ಆಲಾಪನೆಗೆ ಬಾಯಿ ತೆರೆದು ಎರಡು ಸ್ವರ ಹಿಡಿಯುವುದರೊಳಗೆ ಮಾಮಾ ನನ್ನ ಕಿವಿಯಲ್ಲಿ ರಾಗದ ಹೆಸರು ಉಸುರಿರುತ್ತಾರೆ. ತೊಡೆಯ ಮೇಲೆ ಅವರ ಕೈ ತಾಳ ತಪ್ಪಿದ್ದನ್ನು ನಾನು ಕಂಡಿಲ್ಲ. ಒಂದು ಸಂಜೆ ಅಂಥದೇ ನೆರವಲ್ ನಡೆಯುತ್ತಿತ್ತು, ತ್ಯಾಗರಾಜರು ರಾಮನನ್ನು ಹಂಗಿಸುವ ಸಾಲು. ಮಾಮಾ ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಅವರಿಗೆ ತೆಲುಗು ಬರುವುದಿಲ್ಲ ಅಂತ ನೆನಪಾಗಿ, ನಾನು ಬಗ್ಗಿ ಅರ್ಥ ಹೇಳಹೋದೆ. ಅವರು ಕಣ್ಣು ತೆರೆಯದೆ, "ಅರ್ಥಂ ಎದುಕ್ಕು ಸಾರ್? ರಾಗಂ ಪೋದುಮ್" ಅಂದರು. ಅರ್ಥ ಯಾಕೆ, ರಾಗ ಸಾಕು ಅಂತ. ಮುಂದಿನ ಸಾಲಿನವರೊಬ್ಬರು ತಿರುಗಿ ಉಶ್ ಅಂದರು. ಆ ಉಶ್ ನನಗೆ.

ಮಾಮಾ ಹೇಳಿದ್ದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಮಾತು ತಿಳಿಯದ ಭಾಷೆಯ ಹಾಡನ್ನು ಜೀವಮಾನವೆಲ್ಲ ಕೂತು ಕೇಳುವುದಕ್ಕೆ ಎಂಥ ಕಿವಿ ಬೇಕು! ನಮ್ಮ ಹೂವಿನ ಅಜ್ಜಿಗೆ ಅದು ತೋಡಿಯೋ ಕಲ್ಯಾಣಿಯೋ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಅವಳಿಗಿರಲಿಲ್ಲ. ಆದರೆ ತ್ಯಾಗರಾಜರು, 1767ರಿಂದ 1847ರವರೆಗೆ ತಮಿಳು ಸೀಮೆಯಲ್ಲೇ ಬಾಳಿದರೂ, ಮನೆಮಾತಾದ ತೆಲುಗಿನಲ್ಲಿ ರಾಮನ ಜೊತೆ ಜಗಳವಾಡಿದವರು. ಆ ಜಗಳದ ಮಾತನ್ನೇ ಬಿಟ್ಟು ಸ್ವರ ಮಾತ್ರ ಸವಿಯುವುದಾದರೆ ಅವರು ಅಷ್ಟು ಕಷ್ಟಪಟ್ಟು ಪದ ಹುಡುಕಿದ್ದೇಕೆ? ಇನ್ನೂ ಒಂದು. ಅರ್ಥ ಬೇಡ ಅನ್ನುವ ಸಭೆಯಲ್ಲಿ ಹಾಡುವವರೂ ಮಾತನ್ನು ಎಲ್ಲೆಂದರಲ್ಲಿ ಮುರಿಯುತ್ತಾರೆ. ತಾಳಕ್ಕೆ ಸರಿಹೋದರೆ ಸಾಕು, ಪದ ಎರಡು ತುಂಡಾದರೂ ಯಾರೂ ಕೇಳುವುದಿಲ್ಲ. ನಮ್ಮ ಚಪ್ಪರದಲ್ಲಿ ಹಾಗೆ ಮುರಿದಿದ್ದರೆ ಕಡಲೆಕಾಯಿ ಮಾರುವವನೂ ಮುಖ ಸಿಂಡರಿಸುತ್ತಿದ್ದ.

ಈ ಪ್ರಶ್ನೆ ಎತ್ತಿದವರಲ್ಲಿ ನಾನು ಮೊದಲಿಗನೇನಲ್ಲ. ಎತ್ತಿದವರು ತಮಿಳರೇ. ಕಚೇರಿಯೆಂದರೆ ಬರೀ ತೆಲುಗು ಕೀರ್ತನೆಗಳಾಗಿವೆ, ಜನರಿಗೆ ತಿಳಿಯುವ ತಮಿಳಿನಲ್ಲಿ ಹಾಡಿ ಅಂತ 1940ರ ದಶಕದಲ್ಲಿ ತಮಿಳ್ ಇಸೈ ಚಳವಳಿ ನಡೆಯಿತು. ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರ್ ಮುಂದೆ ನಿಂತರು, 1943ರಲ್ಲಿ ತಮಿಳ್ ಇಸೈ ಸಂಗಮ್ ಹುಟ್ಟಿತು. 1928ರಿಂದ ಇದ್ದ ಮ್ಯೂಸಿಕ್ ಅಕಾಡೆಮಿಯ ಕಡೆಯವರಿಗೂ ಇವರಿಗೂ ಪತ್ರಿಕೆಗಳಲ್ಲಿ ದೊಡ್ಡ ವಾದವೇ ಆಯಿತು. ಸಂಗೀತಕ್ಕೆ ಭಾಷೆ ಯಾಕೆ ಅನ್ನುವವರು ಒಂದು ಕಡೆ, ಕೇಳುವವನಿಗೆ ತಿಳಿಯದ ಹಾಡು ಯಾಕೆ ಅನ್ನುವವರು ಇನ್ನೊಂದು ಕಡೆ. ಇದನ್ನು ಓದಿದಾಗ ನನಗೆ ನಮ್ಮೂರೇ ಕಣ್ಣಮುಂದೆ ಬಂತು. ಅಲ್ಲಿ ಯಾರೂ ಚಳವಳಿ ಮಾಡಬೇಕಾಗಿರಲಿಲ್ಲ. ದಾಸರೂ ತಿಳಿಯುತ್ತಿದ್ದರು, ತ್ಯಾಗರಾಜರೂ ತಿಳಿಯುತ್ತಿದ್ದರು, ಮಂಡಿಯ ಹಮಾಲಿಗೂ ತಿಳಿಯುತ್ತಿದ್ದರು. ಸಂಗೀತ ಕೇಳಲು ಇದಕ್ಕಿಂತ ಪುಣ್ಯದ ಸೀಮೆ ಇನ್ನೊಂದಿದ್ದರೆ ತೋರಿಸಿ. ಆ ಭಾಗ್ಯವನ್ನು ನಾವು ಗಮನಿಸಿಯೇ ಇಲ್ಲ ಅನ್ನುವುದು ಬೇರೆ ಮಾತು.

ಕನ್ನಡದ ಪಾಡು ಇಲ್ಲಿ ಇನ್ನೂ ಸ್ವಾರಸ್ಯ. ಚೆನ್ನೈನಲ್ಲಿ ಸಂಗೀತ ಕಲಿಯುವ ಮಗುವಿನ ಬಾಯಲ್ಲಿ ಹಾಡೆಂದು ಮೊದಲು ಬರುವುದೇ ಪುರಂದರದಾಸರ ಪಿಳ್ಳಾರಿ ಗೀತೆ. ಸರಳೆ, ಜಂಟಿ, ಅಲಂಕಾರ ಮುಗಿಸಿ ಮಲಹರಿ ರಾಗಕ್ಕೆ ಬಂದರೆ ದಾಸರೇ ಎದುರಾಗುತ್ತಾರೆ. ಮಾಮಾ ಅವರ ಮೊಮ್ಮಗಳು ಬೆಳಗ್ಗೆ ಬೆಳಗ್ಗೆ ಅದನ್ನು ತಮಿಳಿನ ನಾಲಿಗೆಯಲ್ಲಿ ಹಾಡುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ಗಟ್ಟಿ ಅಕ್ಷರ ಮೆತ್ತಗಾಗಿರುತ್ತದೆ, ಮೆತ್ತಗಿನದು ಗಟ್ಟಿಯಾಗಿರುತ್ತದೆ. ಸ್ವರ ಮಾತ್ರ ಅಚ್ಚುಕಟ್ಟು. ಅಲ್ಲಿಂದ ಮುಂದೆ ವರ್ಣ, ಕೃತಿ ಅಂತ ಹೋದ ಮೇಲೆ ಕನ್ನಡ ಹಿಂದೆ ಸರಿದು, ದೊಡ್ಡವಳಾಗಿ ಅವಳೇ ವೇದಿಕೆ ಹತ್ತಿದಾಗ ಕೊನೆಯ ಕಾಲುಗಂಟೆಯ ತುಕ್ಕಡಗಳಲ್ಲಿ, ಅಂದರೆ ಸಣ್ಣ ಹಾಡುಗಳಲ್ಲಿ, ಒಂದು ದೇವರನಾಮವಾಗಿ ತಿರುಗಿ ಬರುತ್ತದೆ. ಅಷ್ಟು ಹೊತ್ತಿಗೆ ಅರ್ಧ ಸಭೆ ಕಾರಿನ ಕೀಲಿ ಹುಡುಕುತ್ತಿರುತ್ತದೆ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಈ ಕಚೇರಿ ಕ್ರಮ ಗಟ್ಟಿಮುಟ್ಟಾದದ್ದು, ಅದರ ಬಗ್ಗೆ ನನಗೆ ದೂರಿಲ್ಲ. ದಾಸರನ್ನು ಮಾತ್ರ ಊಟದ ಕೊನೆಯ ಬಾಳೆಹಣ್ಣು ಮಾಡಿದ್ದಾರೆ ಅನ್ನುವ ಕೊರಗು ಉಂಟು. ಹದಿನೈದನೇ ಶತಮಾನದಲ್ಲೇ ಶ್ರೀಪಾದರಾಜರು ನಮ್ಮ ಪಕ್ಕದ ಮುಳಬಾಗಿಲಿನಲ್ಲಿ ಕೂತು ದೇವರ ಮುಂದೆ ಕನ್ನಡದಲ್ಲಿ ಹಾಡಬಹುದು ಅಂತ ದಾರಿ ಹಾಕಿಕೊಟ್ಟವರು. ಅವರ ವೃಂದಾವನ ಇರುವ ನರಸಿಂಹತೀರ್ಥ ಚೆನ್ನೈನಿಂದ ಊರಿಗೆ ಹೋಗುವ ಹೆದ್ದಾರಿಯ ಹತ್ತಿರವೇ ಸಿಗುತ್ತದೆ.

ಇನ್ನು ತನಿ ಆವರ್ತನ. ಮೃದಂಗಕ್ಕೂ ಘಟಕ್ಕೂ ಹಾಡುವವರು ವೇದಿಕೆ ಬಿಟ್ಟುಕೊಟ್ಟರೆ ಸಾಕು, ಚೆನ್ನೈ ಸಭೆಯಲ್ಲಿ ಕುರ್ಚಿಗಳು ಪಟಪಟ ಮೇಲೇಳುತ್ತವೆ. ಕಾಫಿಗೆ, ಶೌಚಕ್ಕೆ, ಫೋನಿಗೆ. ಇಷ್ಟು ತಿಳಿದ ಸಭೆ ಆ ಹೊತ್ತಿನಲ್ಲೇಕೆ ಏಳುತ್ತದೋ ನನಗೆ ಇನ್ನೂ ಬಗೆಹರಿದಿಲ್ಲ. ಚಿಂತಾಮಣಿಯಲ್ಲಿ ತನಿ ಬಂದಾಗಲೇ ಜನ ಒಳಗೆ ಬರುತ್ತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದವರು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ಕೇಳುತ್ತಿದ್ದರು. ಬಯಲುಸೀಮೆಯ ಜನಕ್ಕೆ ಚರ್ಮವಾದ್ಯದ ಸದ್ದು ಕೇಳಿದರೆ ಕಾಲು ನಿಲ್ಲುವುದಿಲ್ಲ. ಆ ಸದ್ದು ಹುಟ್ಟಿನಿಂದ ಕೇಳಿದ್ದು, ತಮಟೆಯದು.

ತಮಟೆ ಅಂದೆನಲ್ಲ, ಚಪ್ಪರವನ್ನು ಹೊಗಳುತ್ತಾ ಬಂದವನು ಇಲ್ಲಿ ನಿಲ್ಲಬೇಕು. ನಮ್ಮ ಚಪ್ಪರಕ್ಕೆ ನಾಲ್ಕೂ ಕಡೆ ಗೋಡೆ ಇರಲಿಲ್ಲ, ನಿಜ. ಹಾಗಂತ ಎಲ್ಲರೂ ಒಳಗಿದ್ದರು ಅಂದರೆ ಸುಳ್ಳಾಗುತ್ತದೆ. ರಾಮನವಮಿಯ ಮೆರವಣಿಗೆ ಬಂದಾಗ ಮುಂದೆ ತಮಟೆಯವರಿರುತ್ತಿದ್ದರು. ಹೊರಡುವ ಮೊದಲು ರಸ್ತೆ ಬದಿಯಲ್ಲಿ ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ತಮಟೆಯ ಮುಖವನ್ನು ಅದಕ್ಕೆ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ಹದಕ್ಕೆ ತರುತ್ತಿದ್ದರು. ವೇದಿಕೆಯ ಮೇಲೆ ಕಲ್ಲು, ರವೆಯಿಂದ ನಡೆಯುತ್ತಿದ್ದ ಕೆಲಸವೇ ಅದು, ಇಲ್ಲಿ ಬೆಂಕಿಯಿಂದ. ಅಲ್ಲಿ ಅದಕ್ಕೆ ಶ್ರುತಿ ಮಾಡುವುದು ಅಂತ ಹೆಸರು, ಇಲ್ಲಿ ಕಾಯಿಸುವುದು. ದೇವರು ಗುಡಿಯೊಳಗೆ ಹೋದ ಮೇಲೆ ಅವರು ಹೊರಗೇ ಉಳಿಯುತ್ತಿದ್ದರು, ಪಾನಕವೂ ಅವರಿಗೆ ಬೇರೆಯಾಗಿಯೇ ಬರುತ್ತಿತ್ತು. ಮೃದಂಗದ ಚರ್ಮವನ್ನು ಹದ ಮಾಡುವ ಕೈಗಳೂ ತಮಟೆಯ ಚರ್ಮ ಎಳೆದು ಕಟ್ಟುವ ಕೈಗಳೂ ಬಹುಪಾಲು ಅಂಥ ಕೇರಿಗಳವೇ ಅನ್ನುವುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ದೆಹಲಿಯವರಿಗೆ ಕೇಳಿಸಿದ ವಾದ್ಯಕ್ಕೆ ನಮ್ಮ ರಾಮೋತ್ಸವದ ವೇದಿಕೆಯಲ್ಲಿ ಒಂದು ಸಂಜೆ ಯಾಕಿಲ್ಲ ಅಂತ ನಾನು ಕೇಳುತ್ತಲೇ ಇದ್ದೇನೆ.

ಈ ವಿಷಯದಲ್ಲಿ ಚೆನ್ನೈ ಒಂದು ಹೆಜ್ಜೆ ಮುಂದಿದೆ ಅಂತ ಒಪ್ಪುತ್ತೇನೆ. 2007ರಲ್ಲಿ ಚೆನ್ನೈ ಸಂಗಮಂ ಅಂತ ಶುರುಮಾಡಿ ನಮ್ಮ ತಮಟೆಯಂಥ ಪರೈ ಬಾರಿಸುವವರನ್ನು, ಕೊಡ ಹೊತ್ತು ಕುಣಿಯುವ ಕರಗಾಟ್ಟಂ ಕಲಾವಿದರನ್ನು ಪಾರ್ಕುಗಳಿಗೆ, ಕಡಲ ದಂಡೆಗೆ ಕರೆತಂದರು. 2015ರಿಂದ ಗಾಯಕ ಟಿ.ಎಂ. ಕೃಷ್ಣ ಮತ್ತಿತರರು ಬೆಸೆಂಟ್ ನಗರದ ಪಕ್ಕದ ಊರೂರ್ ಓಲ್ಕಾಟ್ ಕುಪ್ಪಂ ಎಂಬ ಬೆಸ್ತರ ಕೇರಿಯಲ್ಲಿ ಉತ್ಸವ ನಡೆಸಿ, ಶಾಸ್ತ್ರೀಯದವರನ್ನೂ ಜನಪದರನ್ನೂ ಒಂದೇ ವೇದಿಕೆಗೆ ತಂದರು. ಅದರಿಂದ ಎಲ್ಲ ಬದಲಾಯಿತೇ ಅಂದರೆ ಇಲ್ಲ, ವಾದವಂತೂ ಶುರುವಾಯಿತು. ನಮ್ಮ ಕಡೆಯೂ ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಸಂಘಟನೆಯವರು ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕ ನಡೆಸಿದ್ದಾರೆ. ಆದರೆ ಬೆಟ್ಟದ ಮೇಲಿನದು ಬೆಟ್ಟದ ಮೇಲೇ ಉಳಿಯುತ್ತದೆ, ಊರೊಳಗಿನ ಚಪ್ಪರ ಮೊದಲಿದ್ದ ಹಾಗೇ ಇರುತ್ತದೆ. ಹೆಂಗಸರ ವಿಷಯದಲ್ಲೂ ಇದೇ ಕತೆ ನಡೆದಿತ್ತಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ 1920ರ ದಶಕದಲ್ಲಿ ತನ್ನ ದುಡ್ಡು ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಅಲ್ಲಿ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಹೆಂಗಸರದೇ ಒಂದು ಗುಂಪು ಕಟ್ಟಿ, ಬೇರೆ ಆರಾಧನೆ ಶುರುಮಾಡಿ, ಕೊನೆಗೆ ಎಲ್ಲರೂ ಒಂದಾಗಿ ಹಾಡುವವರೆಗೆ ಆಕೆ ಬಿಡಲಿಲ್ಲ. ಕಚೇರಿಗೆ ಬಾಗಿಲು ತಾನಾಗಿ ತೆರೆದುಕೊಂಡದ್ದು ನಾನೆಲ್ಲೂ ಓದಿಲ್ಲ.

ಸಲುಗೆಯೂ ಇದ್ದು ಶಾಸ್ತ್ರವೂ ಇರುವ ಜಾಗ ನಮ್ಮ ಕಡೆ ಒಂದಿದೆ. ಚಿಂತಾಮಣಿಯ ಪಕ್ಕದ ಕೈವಾರ. ಬಳೆ ಮಾರುತ್ತಿದ್ದ ನಾರೇಯಣಪ್ಪ ಯೋಗಿಯಾಗಿ, ಕೈವಾರ ತಾತಯ್ಯನಾಗಿ, ತೆಲುಗು ಕನ್ನಡ ಎರಡರಲ್ಲೂ ಹಾಡು ಕಟ್ಟಿದ ಊರು ಅದು. ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆ ಬಿಡದೆ ಸಂಗೀತ ನಡೆಯುತ್ತದೆ. ಹಗಲು ರಾತ್ರಿ ಒಬ್ಬರ ಹಿಂದೊಬ್ಬರು ವೇದಿಕೆ ಏರುತ್ತಾರೆ. ಹಳ್ಳಿಯ ಭಜನೆ ತಂಡ ಇಳಿದ ಜಾಗಕ್ಕೆ ಹೆಸರಾಂತ ವಿದ್ವಾಂಸರು ಬಂದು ಕೂರುತ್ತಾರೆ. ಕೇಳುವವರು ಅಲ್ಲೇ ಊಟ ಮಾಡಿ, ಅಲ್ಲೇ ಕಂಬಳಿ ಹೊದ್ದು ಮಲಗಿ, ನಡುರಾತ್ರಿ ಎಚ್ಚರವಾದರೆ ಎದ್ದು ಕೂತು ಕೇಳುತ್ತಾರೆ. ನಿದ್ದೆಗಣ್ಣಲ್ಲಿ ಕೇಳಿದ ಮೋಹನ ರಾಗಕ್ಕೆ ಟಿಕೆಟ್ ಕೊಂಡು ಕೇಳಿದ ಮೋಹನ ಸಮವಲ್ಲ, ಇದನ್ನು ನಾನು ಮಾಮಾ ಎದುರಿಗೂ ಹೇಳುತ್ತೇನೆ. ತಾತಯ್ಯನ ತತ್ತ್ವ ಬಂದರೆ ಹಾಡುವವರು ಸಾಲು ಎತ್ತುವ ಮುಂಚೆಯೇ ಕೆಳಗಿನಿಂದ ಮುಂದಿನ ಸಾಲು ಬಂದಿರುತ್ತದೆ. ಅಲ್ಲಿ ಯಾರೂ ಯಾರಿಗೂ ಉಶ್ ಅನ್ನುವುದಿಲ್ಲ.

ಈಗ ಸಿಟ್ಟಿನ ಸರದಿ. ಈಚೆಗೆ ರಾಮನವಮಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಗರಿಯ ಚಪ್ಪರ ಹೋಗಿ ಕಬ್ಬಿಣದ ಪೆಂಡಾಲು ಬಂದಿತ್ತು. ಇರಲಿ, ಗರಿಗೆ ಬೆಂಕಿಯ ಭಯ. ಎರಡೂ ಕಡೆ ಆಳೆತ್ತರದ ಸ್ಪೀಕರ್. ಮೈಕಿಲ್ಲದ ಕಾಲದಲ್ಲಿ ಪಿಟೀಲು ಹಿಂದೆ ಕೂತವರಿಗೂ ಕೇಳಲಿ ಅಂತ ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಹಾಕಿದರಂತೆ. ಇಲ್ಲಿ ಒಂದು ತಂತಿ ಸಾಕಿತ್ತು, ಎದೆಗೂಡು ನಡುಗುತ್ತಿತ್ತು. ಹಾಡಲು ಬಂದ ಹುಡುಗಿ ಚೆನ್ನಾಗಿಯೇ ಹಾಡುತ್ತಿದ್ದಳು. ಆಲಾಪನೆ ಮುಗಿಸಿ ಪಲ್ಲವಿ ಎತ್ತಿದ್ದಳಷ್ಟೆ, ಹಿಂದೆ ಗದ್ದಲ. ಯಾರೋ ಮುಖಂಡರು ಬಂದರು. ಸಂಘಟಕರೊಬ್ಬರು ವೇದಿಕೆ ಹತ್ತಿ, ಮೈಕನ್ನು ಆ ಹುಡುಗಿಯ ಮುಂದಿನಿಂದಲೇ ಎತ್ತಿಕೊಂಡು, "ಒಂದೈದು ನಿಮಿಷ ಅಮ್ಮ" ಅಂದರು. ಆಮೇಲೆ ಶಾಲು, ಹಾರ, ಪೇಟ, ಹಣ್ಣಿನ ತಟ್ಟೆ, ಫೋಟೋ, ಫೋಟೋಗೆ ಸಿಗದವರಿಗೆ ಇನ್ನೊಂದು ಫೋಟೋ, ಭಾಷಣ. ಹುಡುಗಿ ಕೈಕಟ್ಟಿಕೊಂಡು ಕೂತಿದ್ದಳು. ಪಿಟೀಲಿನವರು ತಂತಿ ಒರೆಸಿದರು, ಮತ್ತೆ ಒರೆಸಿದರು. ಮತ್ತೆ ಶುರುವಾದಾಗ ಅವಳು ಆ ಕೃತಿಯನ್ನು ಬಿಟ್ಟು ಒಂದು ಸಣ್ಣ ದೇವರನಾಮ ಹಾಡಿ ಮಂಗಳ ಹೇಳಿಬಿಟ್ಟಳು. ಚೆನ್ನೈನಲ್ಲಿ ಇಂಥದ್ದು ನಡೆದರೆ ಸಭೆಯವರು ಸುಮ್ಮನಿರುವುದಿಲ್ಲ. ಅಲ್ಲೂ ಸನ್ಮಾನ ಉಂಟು, ಬಿರುದು ಉಂಟು, ಉದ್ದುದ್ದ ಭಾಷಣವೂ ಉಂಟು. ಅವಕ್ಕೆ ಬೇರೆ ಹೊತ್ತು ಇಟ್ಟಿರುತ್ತಾರೆ. ಕಚೇರಿ ಇಂಥ ಗಂಟೆಗೆ ಅಂದರೆ ಅಷ್ಟು ಹೊತ್ತಿಗೆ ತಂಬೂರಿ ಮೀಟಿರುತ್ತದೆ. ಈ ಒಂದು ಶಿಸ್ತನ್ನು ನಾವು ಚೆನ್ನೈನಿಂದ ಕಡ ತಂದುಕೊಂಡರೆ ನಮ್ಮ ಮರ್ಯಾದೆಗೇನೂ ಕುಂದಿಲ್ಲ.

ಸಲುಗೆ ಬೇಕು ಅಂದವನೇ ಶಿಸ್ತು ಬೇಕು ಅನ್ನುತ್ತಾನಲ್ಲ ಅನ್ನಬಹುದು. ಹೂವಿನ ಅಜ್ಜಿ ಹಾಡು ಕೇಳಿಯೇ ಬಾಯಿ ಹಾಕಿದ್ದಳು. ಈ ಮುಖಂಡರಿಗೆ ಅಲ್ಲೊಂದು ಹಾಡು ನಡೆಯುತ್ತಿದೆ ಅನ್ನುವುದೇ ತಿಳಿದಿರಲಿಲ್ಲ.

ಸಮಿತಿಯಲ್ಲಿ ನನ್ನ ಚಿಕ್ಕಪ್ಪನ ಮಗನಿದ್ದಾನೆ. ರಾತ್ರಿ ಊಟಕ್ಕೆ ಕೂತಾಗ ತೆಗೆದೆ. ತಮಟೆಗೆ ಒಂದು ಸಂಜೆ ಬಿಡಿ ಅಂದೆ. "ಮೀಟಿಂಗಲ್ಲಿ ಇಡ್ತೀನಿ" ಅಂದ, ಅಂದರೆ ಇಡುವುದಿಲ್ಲ. ಚಿಕ್ಕ ಮಕ್ಕಳನ್ನು ಮೊದಲಿನ ಹಾಗೆ ವೇದಿಕೆಯ ಮುಂದೆ ಕೂರಿಸಿ, ಈಗ ಅಲ್ಲಿ ವಿಐಪಿ ಸೋಫಾ ಯಾಕೆ ಅಂದೆ. ನಕ್ಕ. ಕೊನೆಗೆ, ಹೋಗಲಿ, ಸನ್ಮಾನವನ್ನಾದರೂ ಕಚೇರಿಗೆ ಮೊದಲು, ಆರು ಗಂಟೆಗೆ ಮುಗಿಸಿಬಿಡಿ ಅಂದೆ.

"ಆಗಲ್ಲ ಅಣ್ಣ" ಅಂದ. "ನಿಮ್ಮ ಚೆನ್ನೈನಲ್ಲಿ ಟಿಕೆಟ್ ಮಾರ್ತಾರೆ, ಕಂಪನಿಯೋರು ಕೊಡ್ತಾರೆ. ನಮಗೆ ಕೊಡೋರು ಇವರೇ. ರಸೀದಿ ಪುಸ್ತಕ ಹಿಡ್ಕೊಂಡು ಬೀದಿ ಬೀದಿ ಅಲೆದರೆ ಪೆಂಡಾಲಿನ ಬಾಡಿಗೆಗೂ ಸಾಲಲ್ಲ. ಪಾನಕ, ಪಕ್ಕವಾದ್ಯದೋರ ಕವರು, ಎಲ್ಲ ಅವರ ದುಡ್ಡು. ಆರು ಗಂಟೆಗೆ ಪೆಂಡಾಲ್ ಖಾಲಿ ಇರುತ್ತೆ. ಖಾಲಿ ಕುರ್ಚಿ ಮುಂದೆ ಹಾರ ಹಾಕಿಸ್ಕೊಳ್ಳೋಕೆ ಯಾರು ಬರ್ತಾರೆ, ನೀನೇ ಹೇಳು."